ಮೇಪಲ್ ಹಲಗೆಯ ಪೊಳ್ಳು

ಕಾಸು ಹಾಕಿ ಗುಂಡು ಆಡಿಸುವ ಪಿನ್‌ಬಾಲ್ ಯಂತ್ರಕ್ಕೆ ಒಂದೇ ಮರ ಸಾಲದು. ಪೆಟ್ಟಿಗೆಗೆ ಅಗ್ಗದ ಪೈನ್ ಸಾಕು, ಸೋತವರು ಒದ್ದರೂ ತಡೆದುಕೊಳ್ಳುತ್ತದೆ. ಆಡುವವರ ಅಂಗೈ ಉಜ್ಜುವ ಅಂಚಿಗೆ ಆ್ಯಶ್ ಮರ ಬೇಕು. ಉಕ್ಕಿನ ಗುಂಡು ಓಡಾಡುವ ಹಲಗೆಗೆ ಮಾತ್ರ ಮೇಪಲ್ಲೇ ಆಗಬೇಕು. ಏಳು ಪದರ ಅಂಟಿಸಿ ಒತ್ತಿದ್ದು. ಒಳಪದರದಲ್ಲಿ ಪೊಳ್ಳು ಉಳಿದರೆ ಅಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಅಂಥ ಯಂತ್ರ ಮಾಡುವ ಶಿಕಾಗೋದ ಒಂದು ಕಾರ್ಖಾನೆಯಲ್ಲಿ ಪೊಳ್ಳು ಹುಡುಕುವ ಕೆಲಸ ಹದಿನಾರು ವರ್ಷದಿಂದ ಬ್ರೋನಿಯಾ ಕುಲೇಷಾಳದು. ಪೋಲೆಂಡಿನಿಂದ ಬಂದವಳು, ವಿಧವೆ, ವಯಸ್ಸು ಐವತ್ತನಾಲ್ಕು. ಬೆರಳ ಗೆಣ್ಣಿನಿಂದ ಹಲಗೆ ಕುಟ್ಟಿ, ಸದ್ದು ಕೇಳಿ, ಸರಿಯಿದ್ದರೆ ನೀಲಿ ಸೀಮೆಸುಣ್ಣದ ಗೀಟು ಎಳೆಯುವಳು. ಆ ಯಂತ್ರವನ್ನು ಅವಳು ಒಮ್ಮೆಯೂ ಆಡಿದವಳಲ್ಲ. ಮಾಡಿದ ಊರಲ್ಲೇ ಆಡುವುದಕ್ಕೆ, ಜೂಜೆಂದು, ಕಾನೂನು ಅಡ್ಡ. ಊರಿನ ದೊಡ್ಡವರ ಬುದ್ಧಿ ಹಾಗಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅವಳ ಕಿವಿ ಕೈಕೊಡತೊಡಗಿತು. ಗರಗಸಗಳ ಪಕ್ಕ ನಿಂತದ್ದರ ಫಲ. ಮೊದಲು ಚರ್ಚಿನ ಗಂಟೆ ಮಂಕಾಯಿತು, ಆಮೇಲೆ ಚಹಾ ಕೆಟಲಿನ ಸಿಳ್ಳೂ ಹೋಯಿತು. ಯಾರಿಗೂ ಹೇಳಲಿಲ್ಲ. ಎಡ ಅಂಗೈಯನ್ನು ಹಲಗೆಯ ಅಡಿಗೆ ಕೊಟ್ಟು ಕುಟ್ಟಿದರೆ ಪೊಳ್ಳಿರುವಲ್ಲಿ ಬೇರೆ ಥರ ಜುಮ್ಮೆನ್ನುತ್ತದೆ ಎಂದು ತಡವಾಗಿ ಕಂಡುಕೊಂಡಳು. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರಾದರೂ ಹಿಂದಿನಿಂದ ಹೆಗಲು ಮುಟ್ಟಿದರೆ ಸಾಕು, ಬೆಚ್ಚುತ್ತಿದ್ದಳು.

ಒಂದು ಸೋಮವಾರ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋಗಿದ್ದಾಗ ಮೇಸ್ತ್ರಿ ಜಿಗ್ಮುಂಟ್ ಬಂದ. ಅವನದು ಮಾತಲ್ಲ, ಅರಚಾಟ. ಅಧಿಕಾರದ ಮದ ಎಂದು ಜನ ಬೈಯುತ್ತಿದ್ದರು.

"ಏನಮ್ಮ ಬ್ರೋನಿಯಾ! ವಿಸ್ಕಾನ್ಸಿನ್ ಕಡೆಯಿಂದ ಈ ಹಲಗೆ ವಾಪಸ್ ಬಂದಿದೆ. ಸ್ಕ್ರೂ ಎಲ್ಲಾ ಕಿತ್ಕೊಂಡ್ಬಿಟ್ಟಿವೆ. ಗೀಟು ನಿಮ್ದೇ ತಾನೇ?"

ಅವಳದೇ. ಅಂಗೈ ಉಪಾಯಕ್ಕಿಂತ ಮುಂಚಿನದು.

"ಪರೀಕ್ಷೆ ಮಾಡು ಅಂತ ಮೇಲಿನೋರ ಹುಕುಂ. ಹತ್ತು ಹಲಗೆ ಇಟ್ಟಿದೀನಿ. ಪೊಳ್ಳು ಇರೋದು ಒಂದ್ರಲ್ಲೇ. ಅದನ್ನ ಕಂಡ್ಹಿಡೀರಿ. ತಪ್ಪಿದ್ರೆ ನಾಳೆಯಿಂದ ಬರೋದು ಬೇಡ."

ಈ ವಯಸ್ಸಿನ ಕಿವುಡಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಬ್ರೋನಿಯಾ ಎಡ ಅಂಗೈಯನ್ನು ಅಡಿಗೆ ಕೊಟ್ಟು ಒಂದೊಂದಾಗಿ ಕುಟ್ಟತೊಡಗಿದಳು. ಮೂರನೆಯ ಹಲಗೆಯಲ್ಲಿ ಪೊಳ್ಳು ಸಿಕ್ಕಿತು. ಉಳಿದವನ್ನೂ ಶಾಸ್ತ್ರಕ್ಕೆ ಕುಟ್ಟಿದಳು. ಒಂಬತ್ತನೆಯದೂ ಅಂಗೈಯಲ್ಲಿ ಜುಮ್ಮೆಂದಿತು. ಮತ್ತೆ ಕುಟ್ಟಿದಳು. ಮತ್ತೆ ಜುಮ್ಮೆಂದಿತು. ಹೇಳಿ ತಪ್ಪಾದರೆ ಕೆಲಸ ಹೋಯಿತು; ಸುಮ್ಮನಿದ್ದರೆ ಇನ್ನೊಂದು ಹಲಗೆ ವಾಪಸ್ ಬರುತ್ತದೆ.

"ಎರಡಿದೆ," ಎಂದಳು.

"ಒಂದೇ! ನಾನೇ ಕುಟ್ಟಿ ನೋಡಿದೀನಿ!"

"ಹಾಗಾದ್ರೆ ಒಂಬತ್ತನೇದು ಕುಯ್ದು ನೋಡಪ್ಪ."

ಅವನು ಸಿಟ್ಟಿನಿಂದಲೇ ಕುಯ್ದ. ನಡುಪದರದಲ್ಲಿ ಹೆಬ್ಬೆರಳಗಲದ ಸಂದಿತ್ತು. ಜಿಗ್ಮುಂಟ್ ಅದನ್ನೇ ನೋಡುತ್ತ ನಿಂತ. ಆಮೇಲೆ, ಅವಳು ಕಂಡಂತೆ ಮೊದಲ ಸಲ, ಮೆಲ್ಲಗೆ ಏನೋ ಅಂದ. ತುಟಿ ಆಡಿದ್ದಷ್ಟೇ ಕಂಡಿತು.

"ಜೋರಾಗಿ ಹೇಳು, ನಂಗೆ ಕೇಳ್ಸಲ್ಲ," ಎಂದುಬಿಟ್ಟಳು. ಹದಿನಾರು ವರ್ಷದ ಅನ್ನ ಹೋಯಿತು ಎಂದುಕೊಂಡಳು.

ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಅವಳ ಕಿವಿಯ ಹತ್ತಿರ ಬಾಯಿ ತಂದ.

"ನಂಗೂ ಕೇಳ್ಸಲ್ಲ, ಬ್ರೋನಿಯಾ!"

ಆಮೇಲೆ ಒಂದು ಹಲಗೆ ಎಳೆದು, ಅದರ ಅಡಿಗೆ ತನ್ನ ಎಡ ಅಂಗೈ ಕೊಟ್ಟು, "ಕೈ ಎಲ್ಲಿಡ್ಬೇಕು, ತೋರ್ಸಿ," ಎಂದ.