ರಾಹುಕಾಲಕ್ಕೆ ಮುಂಚೆ ಸುರಿದ ಎಣ್ಣೆ

ಸಿದ್ದಣ್ಣ, ಆ ಕಾರಿನ ಬ್ರೇಕು ಕೆಡಿಸಿದವನು ನಾನು. ಅದು ಗೊತ್ತಿದ್ದೂ ನಿಮ್ಮ ಕೈ ಮುರಿದವನೂ ನಾನೇ. ಹನ್ನೊಂದು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಮಾತು — ಕಾಗದದ ಮೇಲೆ ಎರಡೇ ಸಾಲಾಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಟೇಟೊಂದರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೇ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ನಾನು ಹಾಸನಕ್ಕೆ ಎಳೆತಂದಿದ್ದೆ. ಕೆಂಪು ಬಣ್ಣ, ಎರಡೇ ಸೀಟು, ನನಗಿಂತ ಹೆಚ್ಚು ವಯಸ್ಸು. ಅದರ ಬ್ರೇಕನ್ನು ಪೂರ್ತಿ ಬದಲಾಯಿಸಲು ಊರಲ್ಲಿ ಒಪ್ಪಿದ ಮೆಕ್ಯಾನಿಕ್ ನೀವೊಬ್ಬರೇ. ನಮ್ಮ ಮನೆಯ ಹಿತ್ತಲಲ್ಲಿ ಎರಡು ತಿಂಗಳು ಕೂತು ಮಾಸ್ಟರ್ ಸಿಲಿಂಡರ್, ಪೈಪು, ಲೈನಿಂಗು, ನಾಲ್ಕೂ ಚಕ್ರದಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಿಲ್ಲೆ ಒಂದೊಂದನ್ನೂ ಕೂರಿಸಿದಿರಿ. ಪೆಡಲನ್ನು ಕೈಯಲ್ಲಿ ಒತ್ತಿ ನೋಡುತ್ತಿದ್ದಿರಿ. ಪೈಪಿನಲ್ಲಿ ಗಾಳಿ ಉಳಿದಿದ್ದರೆ ಬೆರಳಿಗೆ ತಿಳಿಯುತ್ತದೆ ಅನ್ನುತ್ತಿದ್ದಿರಿ. ನನಗೆ ನಗು ಬರುತ್ತಿತ್ತು.

ಆ ಶುಕ್ರವಾರ ಪೂಜೆ. ಅವ್ವ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಹತ್ತೂವರೆಗೆ ರಾಹುಕಾಲ. ನೀವು ಬ್ರೇಕಿನ ಎಣ್ಣೆ ಟ್ಯಾಂಕಿಗೆ ಬಗ್ಗಿ ನೋಡಿ ತಲೆಯಾಡಿಸಿದಿರಿ.

"ಎಣ್ಣೆ ಸಾಲ್ದು ಸಾ. ಅಂಗ್ಡಿಗೋಗಿ ಒಂದ್ ಡಬ್ಬ ತತ್ತೀನಿ. ಅಲ್ಲೀಗಂಟ ಗಾಡಿ ಮುಟ್ಬೇಡಿ."

ಸೈಕಲ್ಲೇರಿ ಹೋದಿರಿ. ಹತ್ತೂ ಇಪ್ಪತ್ತಾಯಿತು, ನಿಮ್ಮ ಸುಳಿವಿಲ್ಲ. ನನ್ನ ಸಿಟ್ಟು ಗೊತ್ತಲ್ಲ, ಯಾವಾಗಲೂ ಮೂಗಿನ ತುದಿಯಲ್ಲೇ — ಮೂಲೆಯಲ್ಲಿದ್ದ ಇಂಜಿನ್ ಆಯಿಲ್ ಕ್ಯಾನು ಎತ್ತಿ ಬ್ರೇಕಿನ ಟ್ಯಾಂಕಿಗೆ ಸುರಿದೆ. ಆ ಎಣ್ಣೆ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ನಾನು ಕೇಳಿಸಿಕೊಂಡಿರಲಿಲ್ಲ... ಇಲ್ಲ, ಕೇಳಿಸಿಕೊಂಡಿದ್ದೆ. ಒಂದು ಲೋಟದಷ್ಟು ಎಣ್ಣೆಗೆ ಏನಾದೀತು ಅಂದುಕೊಂಡೆ. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದೆ. ಅವ್ವನಿಗೆ ಸಮಾಧಾನವಾಯಿತು.

ನೀವು ಬಂದಿರಿ. "ಯಾವ್ ಎಣ್ಣೆ ಆಕುದ್ರಿ ಸಾ?"

"ನಿನ್ ಡಬ್ದಲ್ಲೇ ತಳ್ದಲ್ ಇತ್ತು ಕಣ್ಲಾ, ಅದ್ನೇ."

ನನಗಿಂತ ಹತ್ತು ವರ್ಷ ದೊಡ್ಡವರು ನೀವು. ಒಂದು ದಿನವೂ ನಿಮ್ಮನ್ನು ಬಹುವಚನದಲ್ಲಿ ಮಾತಾಡಿಸಿದವನಲ್ಲ ನಾನು. ನನ್ನ ಮಾತು ನಂಬಿದಿರಿ.

ಭಾನುವಾರ ತಮ್ಮ ಮಧುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಳೆನರಸೀಪುರದ ಕಡೆ ಹೊರಟೆ. ಮೊಸಳೆ ಎಂಬ ಊರು ದಾಟಿದ ಮೇಲೆ ಸುಟ್ಟ ವಾಸನೆ. ಮುಂದಿನ ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಅದು ನೆಲಕ್ಕೇ ಹೋಯಿತು. ಕಾರು ಮೋರಿಯ ಕಟ್ಟೆಗೆ ಗುದ್ದಿತು. ಮಧುವಿನ ಮುಖ ಗಾಜಿಗೆ ಹೊಡೆದು ತುಟಿ ಸೀಳಿತ್ತು. ತೊಡೆಯ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ನನಗೆ ತರಚಿದ ಗಾಯವೂ ಇಲ್ಲ.

ಅವನನ್ನು ಆಸ್ಪತ್ರೆಗೆ ಸೇರಿಸಿ, ಅವನ ರಕ್ತ ಮೆತ್ತಿದ ಅಂಗಿಯಲ್ಲೇ ಮನೆಗೆ ಬಂದೆ. ಟ್ರ್ಯಾಕ್ಟರಿನಲ್ಲಿ ಎಳೆತಂದ ಕಾರಿನ ಚಕ್ರದ ಹತ್ತಿರ ನೀವು ಕುಕ್ಕರಗಾಲಲ್ಲಿ ಕೂತಿದ್ದಿರಿ. ಸುತ್ತ ನಮ್ಮ ನೆಂಟರು, ಬೀದಿಯವರು. ಸೋರುತ್ತಿದ್ದ ಎಣ್ಣೆಯಲ್ಲಿ ಬೆರಳದ್ದಿ ನನ್ನ ಮೂಗಿನ ಹತ್ತಿರ ತಂದಿರಿ.

"ವಾಸ್ನೆ ನೋಡಿ ಸಾ. ಇದು ಬ್ರೇಕೆಣ್ಣೆ ಅಲ್ಲ. ನಾ ಆಕುದ್ದಲ್ಲ ಸಾ."

ನೋಡಿದೆ. ಗೊತ್ತಾಯಿತು. ಮೊದಲ ಏಟಿಗೆ ಮುಂಚೆಯೇ ಗೊತ್ತಾಯಿತು, ಸಿದ್ದಣ್ಣ.

"ನನ್ ತಮ್ಮುನ್ನ ಸಾಯ್ಸಕ್ ನೋಡ್ದೇನ್ಲಾ!" ಎಂದು ಕಿರುಚಿ ಚಕ್ರ ಬಿಚ್ಚುವ ಕಬ್ಬಿಣದ ಪಾನಾ ಎತ್ತಿಕೊಂಡೆ. ಮೊದಲ ಏಟು ಆ ಕೈಗೇ ಹಾಕಿದೆ. ಕೈ ನೆಲಕ್ಕೆ ಬಿದ್ದಾಗ ಚಪ್ಪಲಿ ಕಾಲಿನಲ್ಲಿ ತುಳಿದು ಹಿಡಿದು ಇನ್ನೊಂದು. ಮೂರನೆಯದಕ್ಕೆ ಒಣ ಸೌದೆ ಮುರಿದ ಸದ್ದು ಬಂತು. ಆಮೇಲೂ ನಿಲ್ಲಿಸಲಿಲ್ಲ. ನೆಂಟರು ಬಂದು ಪಕ್ಕೆಗೆ ಒದ್ದರು. ತಮ್ಮನ ಸಂಕಟಕ್ಕೆ ಸಿಟ್ಟಾಗಿದ್ದಾನೆ ಅಂದುಕೊಂಡರು ಜನ. ಸಿಟ್ಟಲ್ಲ. ಹೆದರಿ ಹೊಡೆದೆ — ಆ ಬೆರಳು ಇನ್ನೊಬ್ಬರ ಮೂಗಿನ ಹತ್ತಿರ ಹೋದರೆ...

ಆಮೇಲೆ ಊರಲ್ಲಿ ನಿಮಗೆ ಯಾರೂ ಗಾಡಿ ಕೊಡಲಿಲ್ಲ. ಹೋದ ತಿಂಗಳು ಶಾಂತಿಗ್ರಾಮದಲ್ಲಿ ಬಸ್ಸು ನಿಂತಾಗ ನಿಮ್ಮ ಪಂಕ್ಚರ್ ಅಂಗಡಿ ಕಂಡೆ. ಟ್ಯೂಬನ್ನು ಮಂಡಿಯಲ್ಲಿ ಅದುಮಿ ಎಡಗೈಯಲ್ಲಿ ಉಜ್ಜುತ್ತಿದ್ದಿರಿ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ನೀವು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಆದರೂ ಬಸ್ಸಿನಿಂದ ಇಳಿಯಲಿಲ್ಲ.

ಮಧು ಈಗಲೂ ಕುಂಟುತ್ತಾನೆ. ಚಳಿಗೆ ಕಾಲು ನೋಯುವಾಗಲೆಲ್ಲ ನಿಮಗೆ ಶಾಪ ಹಾಕುತ್ತಿದ್ದ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಅವನಿಗೆ ಎಲ್ಲ ಹೇಳಿದೆ, ನಾಳೆ ನಿಮ್ಮ ಹತ್ತಿರ ಬರುವುದನ್ನೂ. ತಟ್ಟೆಯನ್ನು ಗೋಡೆಗೆ ಬೀಸಿದ. ಗೋಡೆ ಹಿಡಿದು ಎದ್ದು ನಿಂತ: "ನಾನೂ ಬತ್ತೀನಿ. ನೀನ್ ನಿಜ ಏಳ್ದಿದ್ರೆ ನಾನೇ ಏಳ್ತೀನಿ."

ನಾಳೆ ಶುಕ್ರವಾರ. ನಿಮ್ಮ ಅಂಗಡಿಯ ಮುಂದೆ, ಬಸ್ಸಿಗೆ ನಿಂತವರಿಗೆಲ್ಲ ಕೇಳಿಸುವಂತೆ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ರಾಹುಕಾಲಕ್ಕೆ ಮುಂಚೆ ಮನೆ ಬಿಡು ಅನ್ನುತ್ತಿದ್ದಾಳೆ ಅವ್ವ. ಹತ್ತೂವರೆಗೇ ಹೊರಡುತ್ತೇನೆ.