ಬಾತುಗಳ ಕೋಣೆಗೆ ಬಂದ ಗರಗಸ

ನನ್ನ ಭಾವ ಅಬುಲ್‌ಮಾತಿಯವರಷ್ಟು ಹಟಮಾರಿ ಬಡಗಿ ಇಡೀ ದಮ್ಯಾತಿನಲ್ಲಿ ಇನ್ನೊಬ್ಬರಿಲ್ಲ, ಅದೂ ಮನೆಗೊಬ್ಬ ಬಡಗಿ ಇರುವ ಊರಿನಲ್ಲಿ. ನಲವತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಮಂಚ, ಕಪಾಟು ಮಾಡಿದರು. ಕಾರ್ಖಾನೆ ಮುಚ್ಚಿತು. ಮರುವಾರವೇ ಕಾಫಿ ಅಂಗಡಿಯ ಸಬ್ರಿ ಚಹಾ ಇಡುತ್ತಾ "ತಗೊಳ್ಳಿ ಹಾಜಿ" ಅಂದ. ಅಲ್ಲಿಯವರೆಗೆ ಅದೇ ಬಾಯಿ "ಉಸ್ತಾ" ಅನ್ನುತ್ತಿತ್ತು. ಕಸುಬಿನ ಯಜಮಾನನಾದರೆ ಉಸ್ತಾ. ಕೆಲಸ ಬಿಟ್ಟು ಕೂತ ಮುದುಕನಾದರೆ, ಮೆಕ್ಕಾ ಕಡೆ ತಲೆ ಹಾಕದವನೂ ಹಾಜಿ. ಭಾವ ಚಹಾ ಮುಟ್ಟದೆ ಎದ್ದು ಬಂದರು, ಎರಡು ದಿನ ಆ ಅಂಗಡಿಯ ಕಡೆ ಸುಳಿಯಲಿಲ್ಲ. ನನಗೂ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನ ಗುಜರಿಯವನ ಕತ್ತೆಗಾಡಿ ಹತ್ತಿ ಬಂದರು, ಜೊತೆಗೆ ಅದೇ ಕಾರ್ಖಾನೆಯ ಗರಗಸ. ಆಳೆತ್ತರದ್ದು. ಮೇಲೊಂದು ಕೆಳಗೊಂದು ಕಬ್ಬಿಣದ ಚಕ್ರ, ಅವುಗಳ ಮೇಲೆ ಹಲ್ಲಿನ ಪಟ್ಟಿ ಓಡಬೇಕು. ಓಡುವುದೆಲ್ಲಿ ಬಂತು, ಮುಟ್ಟಿದರೆ ತುಕ್ಕು ಉದುರುತ್ತಿತ್ತು. ಇಳಿಸಲು ಸಿಕ್ಕಿದವನು ನಾನು. ಸೋಫಾಕ್ಕೆ ಬಟ್ಟೆ ಹೊಲಿಯುವವನ ಸೊಂಟಕ್ಕೆ ಇದೆಲ್ಲ ಆಗಿಬರುತ್ತದೆಯೇ?

ಅಕ್ಕ ಇನ್ಶಿರಾ ಬಾಗಿಲಿಗೆ ಅಡ್ಡ ನಿಂತಳು. "ಇದನ್ನ ಎಲ್ಲಿಡ್ತೀರಿ?"

"ಕೆಳಗಿನ ಕೋಣೇಲಿ."

"ಅಲ್ಲಿ ನನ್ನ ಬಾತುಗಳಿವೆ."

"ಬಾತಿಗೆ ಕೋಣೆ ಯಾಕೆ ಕಣೇ?"

"ಬಾತು ಹಬ್ಬದ ಊಟಕ್ಕಾದ್ರೂ ಆಗುತ್ತೆ. ಇದಕ್ಕೆ ಈರುಳ್ಳಿ ತುಂಬಿ ಬೇಯಿಸೋಕಾಗುತ್ತಾ?"

ಭಾವ ತಲೆ ತಗ್ಗಿಸಿದರು. ಅದನ್ನು ನೋಡಿ ಅಕ್ಕನ ದನಿ ಸ್ವಲ್ಪ ಇಳಿಯಿತು. "ನಲವತ್ತು ದಿನ ಕೊಡ್ತೀನಿ. ಆಮೇಲಿನ ಶುಕ್ರವಾರ ಇದು ಓಡ್ತಿರುವಾಗ ಇದರ ಮೇಜಿನ ಮೇಲೆ ತುಂಬಿದ ಚಹಾ ಲೋಟ ಇಡ್ತೀನಿ. ಒಂದು ಹನಿ ಚೆಲ್ಲಿದ್ರೂ ಕತ್ತೆಗಾಡಿ ವಾಪಸ್ ಬರುತ್ತೆ."

ಅದು ನಮ್ಮಪ್ಪನ ಪರೀಕ್ಷೆ. ಅಪ್ಪ ಪಾಲಿಶ್ ಕೆಲಸದವರು. ಚಹಾ ಚೆಲ್ಲಿಸುವ ಗರಗಸದಲ್ಲಿ ಕೊಯ್ದ ಮರಕ್ಕೆ ಕೈ ಹಚ್ಚುತ್ತಿರಲಿಲ್ಲ.

ಬಾತುಗಳು ಮೆಟ್ಟಿಲ ಕೆಳಗೆ ಹೋದವು. ನಾನು ಅತ್ತ ಹೋದಾಗಲೆಲ್ಲ ನನ್ನ ಹಿಮ್ಮಡಿಯನ್ನೇ ಕುಕ್ಕುತ್ತಿದ್ದವು, ಯಂತ್ರ ತಂದವನು ನಾನೇ ಅನ್ನುವ ಹಾಗೆ. ಒಳಗೆ ಭಾವ ಸೀಮೆಎಣ್ಣೆಯಲ್ಲಿ ಒಂದೊಂದು ಬೋಲ್ಟನ್ನೂ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಮಗುವನ್ನು ಮೀಯಿಸಿದಂತೆ ಒರೆಸಿ ಇಡುತ್ತಿದ್ದರು. ಹೊಸ ಬೇರಿಂಗ್ ಹಾಕಿದರು, ಚಕ್ರಗಳ ಅಂಚಿಗೆ ಹೊಸ ರಬ್ಬರ್ ಏರಿಸಿದರು. ಮೋಟಾರಿನ ವೈರು ನಾನೇ ಜೋಡಿಸಿದೆ. ಭಾವನ ಮೈಯೆಲ್ಲ ಎಣ್ಣೆ, ಬಾಯಲ್ಲಿ ಹಾಡು. ಅಷ್ಟು ಖುಷಿಯನ್ನು ಅವರ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಹಾಗಂತ ಅಕ್ಕನೆದುರು ಹೇಳಿ ಬೈಸಿಕೊಂಡೆ.

ಶುಕ್ರವಾರ ಬಂತು. ನಮಾಜು ಮುಗಿಸಿ ಬಂದ ಭಾವ ಗುಂಡಿ ಒತ್ತಿದರು. ಯಂತ್ರ ಓಡಿತು. ಅಕ್ಕ ಅಂಚಿನವರೆಗೆ ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟಳು. ಲೋಟ ಗಡಗಡ ನಡುಗಿ ಅರ್ಧ ಚಹಾ ಚೆಲ್ಲಿಹೋಯಿತು.

ಭಾವ ಗುಂಡಿ ಆರಿಸಿದರು. "ಹೋಗಪ್ಪ, ಗಾಡಿಯವನನ್ನ ಕರ್ಕೊಂಡು ಬಾ." ಅವರ ಮುಖ ನೋಡಲಾಗದೆ ನಾನು ಚಪ್ಪಲಿ ಹುಡುಕಿದೆ.

"ನಿಲ್ಲೋ." ಅಕ್ಕ ತುದಿಗಾಲಲ್ಲಿ ನಿಂತು ಮೇಲಿನ ಚಕ್ರವನ್ನು ಮೂಸುತ್ತಿದ್ದಳು. "ರೀ, ರಬ್ಬರ್ ಕೆಳಗೆ ಏನು ಹಚ್ಚಿದ್ದೀರಿ?"

"ಪಾಲಿಶ್."

"ಕಬ್ಬಿಣಕ್ಕಾ?"

"ಬೋಳು ಬೋಳಾಗಿ ಬಿಡೋಕೆ ಮನಸ್ಸು ಬರಲಿಲ್ಲ. ಹನ್ನೊಂದು ಸಲ ಹಚ್ಚಿದೆ."

ಇದು ನಮ್ಮೂರಿನವರ ಕಾಯಿಲೆ. ಯಾರ ಕಣ್ಣಿಗೂ ಬೀಳದ ಕಪಾಟಿನ ಬೆನ್ನಿಗೂ ಅರಗಿನ ಪಾಲಿಶ್ ಹಚ್ಚದಿದ್ದರೆ ನಮಗೆ ನಿದ್ದೆ ಬಾರದು. ರಬ್ಬರ್ ಬಿಚ್ಚಿ ನೋಡಿದರೆ, ಗೋಡೆಗೆ ತೂಗುಹಾಕಿ ಒಣಗಿಸಿದ ಚಕ್ರದಲ್ಲಿ ಪಾಲಿಶ್ ಪೂರ್ತಿ ಒಂದೇ ಕಡೆ ಇಳಿದು ಗಡ್ಡೆಗಟ್ಟಿತ್ತು. ಚಕ್ರ ಕುಂಟದೆ ಇನ್ನೇನು ಮಾಡೀತು?

ಅಕ್ಕ ಅಂಗಿಯ ತೋಳು ಮಡಚಿ, ಸ್ಪಿರಿಟ್ ಬಾಟಲಿ, ಹಳೆ ಬಟ್ಟೆ ತಂದು ನೆಲಕ್ಕೆ ಕೂತಳು. ಪಾಲಿಶ್‌ನವರ ಮಗಳು, ಹಚ್ಚುವುದೂ ಗೊತ್ತು, ತೆಗೆಯುವುದೂ ಗೊತ್ತು. ಭಾವ ಎದುರಿಗೆ ಕೂತು ಇನ್ನೊಂದು ಚಕ್ರ ಹಿಡಿದರು. ಇಬ್ಬರೂ ಪರಸ್ಪರ ಬೈದಾಡುತ್ತಾ ಒರೆಸಿದರು. ನಾನು ಮೂರು ಸಲ ಚಹಾ ಮಾಡಿದೆ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗರಗಸ ಮತ್ತೆ ಓಡಿತು. ಅಕ್ಕ ಲೋಟ ಇಟ್ಟಳು. ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಚಹಾದ ಮೇಲ್ಮೈ ಅಲುಗಲಿಲ್ಲ. ಭಾವ ಕಣ್ಣೊರೆಸಿಕೊಂಡರು, ಕಣ್ಣಿಗೆ ಸೀಮೆಎಣ್ಣೆ ತಾಗಿತಂತೆ.

ಹಲಗೆ ಹುಡುಕಲು ಅವರು ಅತ್ತ ತಿರುಗಿದರು. "ಮೊದಲು ನಿನ್ನ ಬಾತುಗಳಿಗೆ ತಾರಸಿ ಮೇಲೆ ಮನೆ ಮಾಡ್ತೀನಿ ಕಣೇ," ಅಂದರು.

"ಮಾಡಿ. ಪಾಲಿಶ್ ಮಾತ್ರ ಬೇಡ," ಅಂದಳು ಅಕ್ಕ. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದಳು. ಮದುವೆಯಾದಂದಿನಿಂದ 'ರೀ' ಬಿಟ್ಟು ಬೇರೇನೂ ಕರೆದವಳಲ್ಲ.

"ಆರಿಹೋಗುತ್ತೆ, ಕುಡೀರಿ ಉಸ್ತಾ."