ಗುರುವನ್ನು ಕೆಲಸಕ್ಕೆ ಕರೆದ ಕೋಚ್

ಅಮೆರಿಕದ ಶ್ಯಾಂಟಿಲಿ ಊರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ಇರುವ ಶಿವಶರಣಪ್ಪನವರು ಕಲಬುರಗಿ ಕಡೆಯವರು, ಸೇತುವೆಗಳ ಇಂಜಿನಿಯರು. ಅವರ ಮಗ ಶರಣ ಕಾಲೇಜು ಫುಟ್‌ಬಾಲ್ ತಂಡವೊಂದಕ್ಕೆ ಹೆಡ್ ಕೋಚ್ ಆದನೆಂಬ ಸುದ್ದಿ ಬಂದಾಗ, ಅದು ಎಂಥ ಕೆಲಸವೆಂಬುದೇ ನಮ್ಮ ಕನ್ನಡದವರಲ್ಲಿ ಅನೇಕರಿಗೆ ತಿಳಿಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟವನ್ನು ನಾವು ಟಿ.ವಿ.ಯಲ್ಲಿ ಕಂಡಿದ್ದೆವು, ಅಷ್ಟೆ. ಸಂಕ್ರಾಂತಿಯ ಊಟದಲ್ಲಿ ಯಾರೋ, "ಇದಕ್ಕೂ ಡಿಗ್ರಿ ಬೇಕಾ ಆಂಟಿ?" ಎಂದು ಕೇಳಿದರು.

"ಡಿಗ್ರಿ ಅದ, ನಿದ್ದಿ ಇಲ್ಲ" ಎಂದು ಶರಣನ ತಾಯಿ ಮಹಾದೇವಕ್ಕ ನಕ್ಕರು.

ಶರಣನನ್ನು ಈ ಆಟಕ್ಕೆ ಎಳೆದವರು ಅವನ ಹೈಸ್ಕೂಲಿನ ಕೋಚ್ ವೆಂಡಲ್ ಹ್ಯಾಗುಡ್. ಹುಡುಗ ಸಣಕಲ. ಓಟದಲ್ಲೂ ಮುಂದಿರಲಿಲ್ಲ. ಆದರೆ ಎದುರಾಳಿಗಳು ಮುಂದೆ ಏನು ಮಾಡುವರೆಂಬುದನ್ನು ಅವರು ನಿಂತ ರೀತಿಯಲ್ಲೇ ಊಹಿಸಬಲ್ಲವನಾಗಿದ್ದ. ಶಿವಶರಣಪ್ಪನವರು ಬೇಡವೆಂದಾಗ ಹ್ಯಾಗುಡ್ ಮನೆಗೇ ಬಂದು, ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಮುರಿಯುತ್ತ, ಇವನನ್ನು ನನಗೆ ಕೊಡಿ ಎಂದು ಕೇಳಿದರಂತೆ. ಅಂದಿನಿಂದ ಆ ಮನೆಯಲ್ಲಿ ಅವರು ಗುರುಗಳು. ಅವರು ಬಂದ ದಿನ ಮೊದಲು ಅವರಿಗೆ ಬಡಿಸಿ ಆಮೇಲೆ ಉಳಿದವರಿಗೆ. ಪ್ರತಿ ವರ್ಷ ಆಟ ಶುರುವಾಗುವ ಮುನ್ನ ಶರಣ ಅವರ ಕಾಲು ಮುಟ್ಟಬೇಕೆಂದು ಮಹಾದೇವಕ್ಕನ ಅಪ್ಪಣೆ. ಮೊದಲ ಸಲ ಆ ಮನುಷ್ಯ ಗಾಬರಿಯಿಂದ ಹಿಂದೆ ಸರಿದರು. ಮರುವರ್ಷ ತಾವಾಗಿಯೇ ತಲೆಯ ಮೇಲೆ ಕೈಯಿಟ್ಟರು.

ಶರಣ ಕಾಲೇಜಿನಲ್ಲಿ ಆಡಿದ್ದು ಕಡಿಮೆ, ಕಲಿತದ್ದು ಹೆಚ್ಚು. ಆಮೇಲೆ ಎರಡೂ ಕರೊಲಿನಾ ರಾಜ್ಯಗಳಲ್ಲಿ, ಅಟ್ಲಾಂಟದಲ್ಲಿ ಸಹಾಯಕ ಕೋಚ್ ಆಗಿ ದುಡಿದ. ೨೦೨೧ರ ಕೊನೆಯಲ್ಲಿ ಸೌತ್ ಕರೊಲಿನಾದ ಸಣ್ಣ ಕಾಲೇಜೊಂದು ಅವನನ್ನು ಹೆಡ್ ಕೋಚ್ ಮಾಡಿತು. ಅವನು ಮಾಡಿದ ಮೊದಲ ಕೆಲಸವೆಂದರೆ, ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ಹ್ಯಾಗುಡ್ ಅವರನ್ನು ಕರೆಸಿಕೊಂಡದ್ದು. ಎದುರಾಳಿಗಳನ್ನು ತಡೆಯುವ ರಕ್ಷಣೆಯ ಆಟಗಾರರನ್ನೆಲ್ಲ ಅವರ ಕೈಗೆ ಒಪ್ಪಿಸಿದ. ಮಗನಿಗೆ ಕೆಲಸ ಸಿಕ್ಕಿದ್ದಕ್ಕಿಂತ ಈ ಸುದ್ದಿಯನ್ನೇ ಮಹಾದೇವಕ್ಕ ಹೆಚ್ಚು ಸಂಭ್ರಮದಿಂದ ಹೇಳಿಕೊಂಡು ಬಂದರು.

ಹೆಡ್ ಕೋಚ್‌ನ ಕೆಲಸದಲ್ಲಿ ಆಟ ಅರ್ಧ ಮಾತ್ರ; ಉಳಿದರ್ಧ ಜನ. ಒಳ್ಳೆಯ ಹುಡುಗರನ್ನು ಹುಡುಕಿ ಅವರ ತಾಯಂದಿರನ್ನು ಒಪ್ಪಿಸಬೇಕು. ಶರಣ ಅದರಲ್ಲಿ ಬಹಳ ಗಟ್ಟಿಗ. ಅಟ್ಲಾಂಟದ ಅಡುಗೆಮನೆಗಳಲ್ಲಿ ಕುಳಿತು ಉಣ್ಣುತ್ತಿದ್ದ, ಅಜ್ಜಿಯರ ಮಂಡಿನೋವನ್ನು ನೆನಪಿಟ್ಟು ವಿಚಾರಿಸುತ್ತಿದ್ದ. ಮೊದಲ ವರ್ಷ ಸೋಲಿಗಿಂತ ಗೆಲುವು ಹೆಚ್ಚಿತ್ತು. ಎರಡನೆಯ ವರ್ಷ ಎದುರಾಳಿಗಳಿಗೆ ಒಂದು ಗುಟ್ಟು ಸಿಕ್ಕಿತು. ಹ್ಯಾಗುಡ್ ಅವರದು ಹಳೆಯ ಪದ್ಧತಿ: ಮೈದಾನದ ಅಂಚಿನಿಂದ ಅವರು ಉದ್ದನೆಯ ಸನ್ನೆ ಮಾಡಬೇಕು, ಹುಡುಗರು ಅದನ್ನು ನೋಡಿ ಜಾಗ ಹಿಡಿಯಬೇಕು. ಈಗಿನ ತಂಡಗಳು ಉಸಿರಾಡಲೂ ಬಿಡದೆ ಆಡುತ್ತವೆ. ನಮ್ಮ ಹುಡುಗರು ಇನ್ನೂ ಕೋಚ್ ಕಡೆ ನೋಡುತ್ತಿರುವಾಗಲೇ ಚೆಂಡು ಅವರನ್ನು ದಾಟಿ ಹೋಗಿರುತ್ತಿತ್ತು.

ಆ ವರ್ಷದ ಆಟಗಳು ಮುಗಿದೊಡನೆ ಕಾಲೇಜಿನ ಕ್ರೀಡಾ ಮುಖ್ಯಸ್ಥೆ ಶರಣನನ್ನು ಕರೆದು ನೇರವಾಗಿ ಹೇಳಿದರು. ಹ್ಯಾಗುಡ್ ಸಲಹೆಗಾರರಾಗಿ ಇರಲಿ, ರಕ್ಷಣೆಗೆ ಹೊಸಬರನ್ನು ತಾ. ಇಲ್ಲವಾದರೆ ಬರುವ ವರ್ಷದ ಸೋಲಿಗೆ ನಿನ್ನ ಕೆಲಸವೇ ಹೋಗುತ್ತದೆ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಶ್ಯಾಂಟಿಲಿಗೆ ಬಂದಾಗ ಶರಣ ಈ ವಿಷಯವನ್ನು ಊಟದ ಮೇಜಿನಲ್ಲಿ ಎಲ್ಲರ ಮುಂದಿಟ್ಟ. ಅಂದು ನಾನೂ ಅಲ್ಲಿದ್ದೆ.

"ಕೆಲಸದಾಗ ಗುರು ಅಂತ ಇರೂದಿಲ್ಲ, ಶರಣ" ಎಂದರು ಶಿವಶರಣಪ್ಪನವರು. "ಕಂಬ ವಜ್ಜಿ ತಡಿಲಿಲ್ಲಂದ್ರ ಬದಲಿ ಮಾಡ್ಬೇಕು."

"ಅವರು ಕಂಬ ಅಲ್ಲ ಅಪ್ಪಾ. ಹಿ ಮೇಡ್ ಮಿ. ಹೇಗೆ ಹೇಳ್ಲಿ?"

"ಹೇಳಬ್ಯಾಡ" ಎಂದರು ಮಹಾದೇವಕ್ಕ. "ಕೈ ಹಿಡಿದು ನಡೆಸಿದವರ್ನ ದೂಡಿ ನೀ ಗೆದ್ದರ ಆ ಗೆಲುವು ನಮಗ ಬ್ಯಾಡ."

ಮಾತು ಅಲ್ಲಿಗೆ ಮುಗಿಯಿತು.

ಶರಣ ಪ್ರಯತ್ನ ಮಾಡಲಿಲ್ಲವೆನ್ನುವಂತಿಲ್ಲ. ಮರಳಿ ಹೋದ ಮೇಲೆ ಒಂದು ಭಾನುವಾರ ಹೇಳಿಯೇ ಬಿಡಬೇಕೆಂದು ಹ್ಯಾಗುಡ್ ಅವರ ಮನೆಗೆ ಹೋದ. ಅವರ ಚರ್ಚಿನ ಪಾದ್ರಿಗಳು ಬಂದು ಕುಳಿತಿದ್ದರು. ಹ್ಯಾಗುಡ್ ಎದ್ದು ನಿಂತು ಅವನ ಹೆಗಲ ಮೇಲೆ ಕೈಹಾಕಿ, ಇವನು ನನ್ನ ಹುಡುಗ ಎಂದು ಪರಿಚಯಿಸಿದರು. ಅವನು ಚಹಾ ಕುಡಿದು ಹಿಂದಿರುಗಿದ.

ಮೂರನೆಯ ವರ್ಷ ಆಗಬಾರದ್ದೆಲ್ಲ ಆಯಿತು. ಈಗಿನ ನಿಯಮದಂತೆ ಆಟಗಾರರು ಕಾಲೇಜು ಬದಲಿಸುವುದು ಸುಲಭ. ರಕ್ಷಣೆಯ ಒಳ್ಳೆಯ ಹುಡುಗರಲ್ಲಿ ಹಲವರು ಆ ಬೇಸಿಗೆಯಲ್ಲೇ ಹೊರಟುಹೋಗಿದ್ದರು. ಉಳಿದವರು ಸೋತರು. ಪ್ರೇಕ್ಷಕರು ಹ್ಯಾಗುಡ್ ಹೆಸರು ಕೂಗಿ ಹೀಯಾಳಿಸತೊಡಗಿದರು; ಮುದುಕ ಮನೆಗೆ ಹೋಗಲಿ ಎಂದು ಹಲಗೆಗಳ ಮೇಲೆ ಬರೆದು ಹಿಡಿದರು. ಯಾವ ಮರ್ಯಾದೆ ಉಳಿಯಲೆಂದು ಶರಣ ಬಾಯಿ ಕಟ್ಟಿಕೊಂಡಿದ್ದನೋ ಅದು ಪ್ರತಿ ಶನಿವಾರ ಸಾವಿರಾರು ಜನರೆದುರು ಹೋಯಿತು. ನವೆಂಬರಿನಲ್ಲಿ ಕಾಲೇಜು ಅವನನ್ನು ತೆಗೆಯಿತು. ಹೆಡ್ ಕೋಚ್ ಹೋದರೆ ಅವನು ತಂದವರೂ ಹೋಗುವುದು ಅಲ್ಲಿಯ ರೂಢಿ. ಹೊಸದಾಗಿ ಮನೆ ಕೊಂಡಿದ್ದ ಕಿರಿಯ ಸಹಾಯಕರ ಸಂಸಾರಗಳೂ ಗಂಟುಮೂಟೆ ಕಟ್ಟಿದವು. ತಮ್ಮ ಕೆಲಸ ಹೋಯಿತೆಂದು ಹ್ಯಾಗುಡ್ ಅವರಿಗೆ ತಿಳಿದದ್ದು ಕಚೇರಿಯ ಇಮೇಲಿನಿಂದ.

ಶರಣ ಅವರನ್ನು ಹುಡುಕಿಕೊಂಡು ಹೋದಾಗ ಅವರು ಮೈದಾನದ ಹಿಂದೆ ತಮ್ಮ ಸಾಮಾನನ್ನು ಕಾರಿಗೆ ಏರಿಸುತ್ತಿದ್ದರು. ಅಂದು ನಡೆದ ಮಾತನ್ನು ಅವನೇ ಒಮ್ಮೆ ನನಗೆ ಹೇಳಿದ.

"ನನ್ನ ಪದ್ಧತಿ ನಡೆಯೋದಿಲ್ಲ ಅಂತ ನನಗೂ ಕಾಣ್ತಿತ್ತು, ಮಗಾ" ಎಂದರಂತೆ ಹ್ಯಾಗುಡ್. "ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

"ನಿಮಗೆ ನಾನು ಹೇಗೆ ಹೇಳ್ಲಿ, ಕೋಚ್?"

"ಹುಡುಗನ್ನ ಆಟದಿಂದ ತೆಗೆದು ಬೆಂಚಿಗೆ ಕೂರಿಸೋವಾಗ ಹೇಳ್ತೀಯಲ್ಲ, ಹಾಗೆ. ಬಾಗಿಲು ಹಾಕಿಕೊಂಡು, ಮುಖ ನೋಡಿ. ಅದನ್ನ ನಾನೇ ಕಲಿಸಿದ್ದು."

ಅವರು ತಾವಾಗಿಯೇ ಏಕೆ ಬಿಡಲಿಲ್ಲವೆಂದು ನಾನು ಶರಣನನ್ನು ಕೇಳಿದೆ. ಕರೆದವನನ್ನು ನಡುವೆ ಬಿಟ್ಟು ಹೋದಂತಾಗುತ್ತದೆಂದು ಅವರೂ ಹಿಂಜರಿದಿದ್ದರಂತೆ. ಇಬ್ಬರೂ ಒಳ್ಳೆಯವರು. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಒರಟರಾಗಿದ್ದರೆ ತಂಡ ಉಳಿಯುತ್ತಿತ್ತೇನೋ.

ಶರಣ ಈಗ ಅಟ್ಲಾಂಟದ ಹತ್ತಿರ ಒಂದು ಕಾಲೇಜಿನಲ್ಲಿ ಮತ್ತೆ ಸಹಾಯಕ. ಹ್ಯಾಗುಡ್ ಮಗಳ ಮನೆ ಸೇರಿಕೊಂಡಿದ್ದಾರೆ, ಅದೂ ಅಟ್ಲಾಂಟದ ಅಂಚಿನಲ್ಲೇ. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಮೊನ್ನೆ ನಾನು ಶಿವಶರಣಪ್ಪನವರ ಮನೆಗೆ ಹೋದಾಗ ಮಹಾದೇವಕ್ಕ ಮಗನೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವನ ಧ್ವನಿಯೂ ಜೋರಾಗಿಯೇ ಕೇಳುತ್ತಿತ್ತು.

"ಗುರುಗಳ್ನ ನೋಡಿ ಬಂದ್ಯಾ?"

"ಇಲ್ಲ ಅವ್ವಾ."

"ಏನರ ಅಂತಾರ ಅಂತ ಅಂಜಿಕಿ ಏನು?"



"ಏನೂ ಅನ್ನಲ್ಲ ಅವ್ವಾ. ಅದಕ್ಕೇ."